ಗುಡುಗುಡಿಯ ಪದವೂ ಹಳೆಯ ಎಲೆಯ ಹದವೂ

ತಾಳವಾಡಿ ಬೆಟ್ಟಸೀಮೆಯ ನಾವು ಕನ್ನಡವನ್ನು ಹಾಡಿನ ಮೂಲಕ ಉಳಿಸಿಕೊಂಡು ಬಂದವರು. ದಿಂಬಂ ಘಾಟಿಯ 27 ತಿರುವುಗಳ ಕೆಳಗೆ ತಮಿಳು ಬಯಲು; ಮೇಲೆ ಮನೆಮಾತು ಕನ್ನಡ. 1956ರಲ್ಲಿ ನೆರೆಯ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು; ತಾಳವಾಡಿ ಇಲ್ಲಿಯೇ ಉಳಿಯಿತು. ಆದರೆ ಮಾದಪ್ಪನ ಹಾಡಾಗಲಿ ಮಂಟೇಸ್ವಾಮಿಯ ಕಥೆಯಾಗಲಿ ಈ ಗಡಿಯನ್ನು ಲೆಕ್ಕಿಸಲಿಲ್ಲ. ಈಚಿನ ದಶಕಗಳಲ್ಲಿ ಸಿ. ಅಶ್ವಥ್ ಅವರ ಕಂಠದಿಂದಲೂ 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದಲೂ ಶರೀಫರ ಪದಗಳು ನಮ್ಮ ವೇದಿಕೆಗಳನ್ನು ಸೇರಿವೆ. ಅವುಗಳಲ್ಲಿ ಒಂದು, ಗುಡುಗುಡಿ ಸೇದಿ ನೋಡೆಂದು ಮನಸ್ಸನ್ನು ಕರೆಯುವ ಪದ. ಹಾಡಿದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ಆದರೆ ಚಪ್ಪಾಳೆ ತಟ್ಟುವವರಲ್ಲಿ ಗುಡುಗುಡಿಯನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ವಸ್ತು ಮರೆಯಾದ ಮೇಲೆ ಆ ವಸ್ತುವಿನ ಮೇಲೆ ನಿಂತ ಹಾಡನ್ನು ಓದುವುದು ಹೇಗೆ? ಈ ಬರಹದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು.

ಮೊದಲು ವಸ್ತುವಿನ ಮಾತು. ಹೊಗೆಸೊಪ್ಪು ಈ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ಕನ್ನಡ ನಾಡಿನಿಂದಲೇ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ವಿಜಾಪುರದಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ರತ್ನಖಚಿತ ಕೊಳವೆಯೊಂದಿಗೆ ಅದನ್ನು ದೊರೆಯ ಮುಂದಿರಿಸಿದ. ಆಸ್ಥಾನದ ವೈದ್ಯರು ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದನೆಂದು ಆತನೇ ಬರೆದಿಟ್ಟಿದ್ದಾನೆ. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದರೂ ಹೊಗೆ ನಿಲ್ಲಲಿಲ್ಲ. ನಮ್ಮ ಬೆಟ್ಟದ ಕೆಳಗಣ ಕೊಯಮತ್ತೂರು ಸೀಮೆ ಹೊಗೆಸೊಪ್ಪಿಗೆ ಹೆಸರಾಗಿ, 19ನೆಯ ಶತಮಾನದ ಮೊದಲರ್ಧದಲ್ಲಿ ಆ ವ್ಯಾಪಾರದ ಏಕಸ್ವಾಮ್ಯವನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಯಲ್ಲಿಟ್ಟುಕೊಂಡಿತ್ತು. ಶರೀಫರು ಹುಟ್ಟುವ ಹೊತ್ತಿಗೆ, ಅಂದರೆ 1819ಕ್ಕೆ, ಚಿಲುಮೆಯೂ ಗುಡುಗುಡಿಯೂ ಹಳ್ಳಿಯ ಜಗಲಿಯ ಸಾಮಾನ್ಯ ವಸ್ತುಗಳಾಗಿದ್ದವು.

ಗುಡುಗುಡಿಯ ರಚನೆ ಸರಳ. ಅರೆ ನೀರು ತುಂಬಿದ ಬುರುಡೆ, ಅದರೊಳಗಿಳಿಯುವ ಕೊಳವೆ, ಮೇಲೆ ಚಿಲುಮೆ, ಚಿಲುಮೆಯ ಮೇಲೆ ಕೆಂಡ. ಬಾಯಿಂದ ಎಳೆದಾಗ ಹೊಗೆ ನೀರಿನೊಳಗಿಂದ ಹಾದು ಬರುತ್ತದೆ. ಆ ಗುಳ್ಳೆಗಳ ಸದ್ದೇ ಅದಕ್ಕೆ ಹೆಸರು ಕೊಟ್ಟಿದೆ. ಅದಕ್ಕೆ ಹಾಕುವ ಸೊಪ್ಪನ್ನು ಬೆಲ್ಲದೊಡನೆ ಕುಟ್ಟಿ, ಮುಚ್ಚಿಟ್ಟು, ಮಾಗಿಸುವುದು ರೂಢಿ. ಎಲೆಯನ್ನು ಮಾಗಿಸುವ ಈ ವಿದ್ಯೆ ಎಲ್ಲೆಡೆಯೂ ಇದೆ. ಪಾಶ್ಚಾತ್ಯರಲ್ಲಿ ಪೈಪಿನ ತಂಬಾಕನ್ನು ಡಬ್ಬಿಯಲ್ಲಿ ಮುಚ್ಚಿ ಹತ್ತು, ಇಪ್ಪತ್ತು, ಮೂವತ್ತು ವರ್ಷ ಇರಿಸಿ ಸೇದುವವರಿದ್ದಾರೆ. ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್‌ಗಳಲ್ಲಿ ಹದಗೊಂಡ ವರ್ಜೀನಿಯಾ ಎಲೆಯೂ ಮತ್ತೆ ಒಣಗಿಸಿ ಕಟ್ಟಿದ ಮೇಲೆ ಗೋದಾಮಿನಲ್ಲಿ ಒಂದೆರಡು ವರ್ಷ ಮಾಗಿಯೇ ಮುಂದಕ್ಕೆ ಹೋಗುತ್ತದೆ. ಹೊಸ ಎಲೆಯ ಘಾಟು ಕಾಲಕ್ರಮದಲ್ಲಿ ಇಳಿಯುತ್ತದೆ. ಎಲೆಯ ಸಕ್ಕರೆಯೂ ಸಾರಜನಕದ ಅಂಶಗಳೂ ಕೂಡಿ ಬಣ್ಣ ಕಂದುತ್ತದೆ, ಪರಿಮಳ ಆಳವಾಗುತ್ತದೆ.

ಇಲ್ಲಿ ವಿಮರ್ಶೆಗೆ ಒದಗುವ ಸಂಗತಿಗಳು ಮೂರಿವೆ. ಮೊದಲನೆಯದು, ಕಾಲವು ಎಲ್ಲ ಎಲೆಯನ್ನೂ ಮಾಗಿಸುವುದಿಲ್ಲ. ಮೊದಲೇ ಸಕ್ಕರೆಯಿದ್ದ ಎಲೆ ಮಾಗುತ್ತದೆ. ಸತ್ವವಿಲ್ಲದ್ದು ಬರಿದೆ ಹಳತಾಗುತ್ತದೆ. ಎರಡನೆಯದು, ಪಾತ್ರೆಯ ಮುಚ್ಚಳ ಸಡಿಲವಾದರೆ ಎಂಥ ಎಲೆಯೂ ಒಣಗಿ ಪುಡಿಯಾಗುತ್ತದೆ; ತೇವ ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ. ಮೂರನೆಯದು, ಹಳೆಯ ಎಲೆ ಗಂಟಲಿಗೆ ಮೃದುವಾದರೂ ಅದರ ವಿಷ ವಿಷವೇ. ನೀರಿನಲ್ಲಿ ಹಾದ ಹೊಗೆ ತಣ್ಣಗಾಗುವುದೇ ಹೊರತು ಶುದ್ಧವಾಗುವುದಿಲ್ಲ. ಈ ಮೂರನ್ನೂ ನೆನಪಿನಲ್ಲಿಟ್ಟು ಪದದ ಕಡೆಗೆ ತಿರುಗೋಣ.

ಶರೀಫರ ಪದದಲ್ಲಿ ಮನಸ್ಸು ಸಂಚಿ, ಮೋಹ ಭಂಗಿ, ಬುದ್ಧಿ ಬೆಂಕಿ. ಇಷ್ಟನ್ನು ಮಾತ್ರ ಹೇಳಿದ್ದರೆ ಇದು ಹತ್ತರೊಡನೆ ಹನ್ನೊಂದನೆಯ ರೂಪಕವಾಗುತ್ತಿತ್ತು. ತತ್ವಪದದ ಸಂಪ್ರದಾಯದಲ್ಲಿ ಒಂದು ವಸ್ತುವನ್ನು ತೆಗೆದುಕೊಂಡು ಅದರ ಅಂಗಾಂಗಗಳಿಗೆ ಜ್ಞಾನ, ಭಕ್ತಿ, ವೈರಾಗ್ಯಗಳೆಂದು ಚೀಟಿ ಅಂಟಿಸಿ ಮುಗಿಸುವ ರಚನೆಗಳು ಬಹಳ. ಅವುಗಳಲ್ಲಿ ಬಂಡಿಯ ಬದಲು ಗಾಣವನ್ನಿಟ್ಟರೂ ಅರ್ಥ ಕೆಡುವುದಿಲ್ಲ. ಗುಡುಗುಡಿಯ ಪದ ಹಾಗಲ್ಲ. ಅದರ ಶಕ್ತಿ ನಾಮಪದಗಳಿಗಿಂತ ಕ್ರಿಯಾಪದಗಳಲ್ಲಿದೆ. ಸಂಚಿಯನ್ನು ಬಿಚ್ಚಬೇಕು, ಸೊಪ್ಪನ್ನು ಕೊಚ್ಚಬೇಕು, ಚಿಲುಮೆಗಿಡಬೇಕು, ಬೆಂಕಿ ಮುಚ್ಚಬೇಕು, ಆಮೇಲೆ ಸೇದಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಗುಡುಗುಡಿಯೂ ಹತ್ತದು, ಸಾಧನೆಯೂ ಸಾಗದು. ಮೋಹವನ್ನು ದೂರ ಎಸೆಯೆಂದು ಕವಿ ಹೇಳುವುದಿಲ್ಲ. ಅದನ್ನೇ ದಿನದಿನವೂ ಕೊಚ್ಚಿ ಉರಿಸೆನ್ನುತ್ತಾರೆ. ಚಟವುಳ್ಳವನು ಪ್ರತಿದಿನ ತಪ್ಪದೆ ಮಾಡುವ ಕೆಲಸದ ನಿಷ್ಠೆಯನ್ನೇ ಸಾಧನೆಗೆ ತಿರುಗಿಸಿದ್ದು ಈ ಪದದ ನಿಜವಾದ ಹೊಸತನ.

ಭಾಷೆಯೂ ಇಲ್ಲಿ ಕವಿಗೆ ಒತ್ತಾಸೆಯಾಗಿ ನಿಂತಿದೆ. ಕನ್ನಡದಲ್ಲಿ ಬಾವಿಯಿಂದ ನೀರನ್ನೂ ಸೇದುತ್ತೇವೆ, ಹೊಗೆಯನ್ನೂ ಸೇದುತ್ತೇವೆ. ಚಿಲುಮೆಯೆಂದರೆ ಕೆಂಡ ಹೊರುವ ಮಣ್ಣಿನ ಬಟ್ಟಲೂ ಹೌದು, ನೆಲದಿಂದ ಚಿಮ್ಮುವ ಒರತೆಯೂ ಹೌದು. ಮೇಲೆ ಬೆಂಕಿ, ಕೆಳಗೆ ನೀರು ಇರುವ ಗುಡುಗುಡಿಯನ್ನು ಹಾಡಲು ಇದಕ್ಕಿಂತ ತಕ್ಕ ಮಾತುಗಳಿಲ್ಲ. ಕನ್ನಡ ಬಲ್ಲ ಕಿವಿಗೆ ಸಿಗುವ ಈ ಎರಡೆರಡು ಅರ್ಥಗಳು ರಾಗ ಮಾತ್ರ ಬಲ್ಲ ಕಿವಿಗೆ ಸಿಗುವುದಿಲ್ಲ.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದ ಹೊಗೆಯೊಂದಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಹೆಂಡದ ಗಡಿಗೆ, ಭಂಗಿ ಸೊಪ್ಪುಗಳೊಡನೆ, ನೋಡಿದವರು ಮೂಗು ಮುಚ್ಚುವ ವೇಷದಲ್ಲಿ. ಶುಚಿಯಾದ ಶರಣರು ಆತನನ್ನು ಒಳಗೆ ಬಿಡುವುದಿಲ್ಲ. ಗುರುತು ಹಿಡಿಯುವವನು ಬಸವಣ್ಣ. ಇಲ್ಲಿ ಭಂಗಿ ಯಾವ ತತ್ವಕ್ಕೂ ಸಂಕೇತವಲ್ಲ, ಭಂಗಿಯೇ. ಅದನ್ನು ಆಧ್ಯಾತ್ಮಿಕವಾಗಿ ಅರ್ಥೈಸಿ ತೊಳೆದರೆ ಪರೀಕ್ಷೆಯೇ ಇಲ್ಲವಾಗುತ್ತದೆ: ಸಮಾನತೆಯನ್ನು ಸಾರಿದ ಊರು ತನ್ನ ಬಾಗಿಲಲ್ಲಿ ನಿಂತ ಹೊಲಸಿನವನನ್ನು ಏನು ಮಾಡಿತೆಂಬ ಪರೀಕ್ಷೆ. ಶರೀಫರ ಹೊಗೆ ಒಳಗನ್ನು ಸುಡುವುದು; ಮಂಟೇಸ್ವಾಮಿಯ ಹೊಗೆ ಎದುರಿಗಿರುವವರ ಕಣ್ಣು ಉರಿಸುವುದು. ಒಂದರ ಅಳತೆಯಿಂದ ಇನ್ನೊಂದನ್ನು ಅಳೆಯಲಾಗದು.

ಈಗ ನಮ್ಮಲ್ಲಿ ನಡೆಯುತ್ತಿರುವುದೇನು? ಮಕ್ಕಳ ಎದುರು ಇಂಥ ಹಾಡು ಏಕೆಂದು ಕೆಲವರು ಬದಿಗಿಡುತ್ತಾರೆ. ಕೆಲವರು ಕುಣಿತದ ಹಾಡಾಗಿಸಿ ಹಗುರ ಮಾಡುತ್ತಾರೆ. ಮೊದಲನೆಯವರ ಆತಂಕ ಸುಳ್ಳಲ್ಲ. ತಂಬಾಕಿನ ಕೇಡನ್ನು ಬಲ್ಲ ಕಾಲ ನಮ್ಮದು, ಅದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಆದರೆ ಹಾಡನ್ನು ಅಡಗಿಸಿದರೆ ಚಟ ಅಡಗುವುದಿಲ್ಲ. ಕುಣಿಸುವವರಾದರೋ ಮುಚ್ಚಳ ತೆರೆದ ಡಬ್ಬಿಯಂತೆ ಹಾಡಿನ ತೇವವನ್ನೆಲ್ಲ ಆರಿಸಿಬಿಡುತ್ತಾರೆ. ಉಳಿಯುವುದು ರಾಗದ ಪುಡಿ.

ಶಾಲೆಯಲ್ಲಿ ತಮಿಳು ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಇನ್ನೂ ಹರಿತವಾದದ್ದು. ಸಂಚಿ, ಬುರುಡೆ, ಚಿಲುಮೆ ಎಂಬ ಮಾತುಗಳನ್ನು ಅವರು ಪುಸ್ತಕದಲ್ಲಿ ಕಾಣುವುದು ಅಪರೂಪ. ಹಿರಿಯರ ಬಾಯಲ್ಲಿ ಅವು ಇನ್ನೂ ಇವೆ. ಆದ್ದರಿಂದ ಮುಂದಿನ ಸಮ್ಮೇಳನದಲ್ಲಿ ಪದ ಹಾಡುವ ಮುನ್ನ ಐದು ನಿಮಿಷ ಒಬ್ಬ ಅಜ್ಜನೋ ಅಜ್ಜಿಯೋ ಗುಡುಗುಡಿಯ ಒಂದೊಂದು ಭಾಗವನ್ನು ಹೆಸರು ಹೇಳಿ ವಿವರಿಸಲಿ. ಮಕ್ಕಳು ಆ ಹೆಸರುಗಳನ್ನು ಬರೆದುಕೊಳ್ಳಲಿ. ನೀಲಗಾರರನ್ನು ಕರೆಸಿದಾಗ ಕಲ್ಯಾಣದ ಪ್ರಸಂಗವನ್ನು ಕತ್ತರಿಸದೆ ಹಾಡಲು ಕೇಳೋಣ. ಹಳೆಯದೆಂಬ ಕಾರಣಕ್ಕೆ ಯಾವ ಹಾಡನ್ನೂ ಹೊಗಳಬೇಕಾಗಿಲ್ಲ. ಸತ್ವವಿರುವ ಹಾಡಿಗೆ ಅರ್ಥ ತಿಳಿದು ಕೇಳುವ ಕಿವಿಗಳನ್ನು ಒದಗಿಸಿದರೆ ಸಾಕು. ನಮ್ಮ ಸಂಘದಿಂದ ಆಗಬೇಕಾದ ಸಾಹಿತ್ಯಸೇವೆಯಲ್ಲಿ ಇದೂ ಒಂದೆಂದು ನಾವು ಭಾವಿಸುತ್ತೇವೆ.