ನಿಂಬೆ ದೀಪದ ಬೆಳಕಿನಲ್ಲಿ

ಬನಶಂಕರಿ ದೇವಸ್ಥಾನದಲ್ಲಿ ಮಂಗಳವಾರದ ರಾಹುಕಾಲ. ನಿಂಬೆಹಣ್ಣಿನ ಸಿಪ್ಪೆಯ ಹಣತೆ ಹಚ್ಚುತ್ತಿರುವ ಅಜ್ಜಿಗೆ ಗಾಳಿಯ ಕಾಟ; ಪಕ್ಕದಲ್ಲಿ ನಿಂತ ಅಪರಿಚಿತ ಹುಡುಗಿ ತನ್ನ ಅಂಗೈಯನ್ನು ದೀಪಕ್ಕೆ ಮರೆಯಾಗಿ ಹಿಡಿಯುತ್ತಾಳೆ. ಒಪ್ಪಿಗೆ ಪಡೆದು ಇಂಥದ್ದನ್ನು ಹಿಡಿಯಬಲ್ಲ ಛಾಯಾಗ್ರಾಹಕರೆಂದರೆ ನನಗೆ ತುಂಬು ಗೌರವ. ಅಲ್ಲಿ ಫ್ಲಾಶ್ ಬಳಸಿದರೆ ಬೆರಳುಗಳ ಸಂದಿಯ ಹೊಂಬೆಳಕು ಸತ್ತೇ ಹೋಗುತ್ತದೆ. ಕ್ಯಾಮೆರಾದ ಬೆಳಕಿನ ಸಂವೇದನೆ (ಐಎಸ್‌ಒ) ಏರಿಸಿ, ಲೆನ್ಸಿನ ಬಾಯಿ ಅಗಲಿಸಿ, ಉಸಿರು ಬಿಗಿಹಿಡಿದು ಕಾಯಬೇಕು. ಚಿತ್ರದಲ್ಲಿ ಒಂದಿಷ್ಟು ಕಾಳುಕಾಳು ಕಂಡರೂ ಚಿಂತೆಯಿಲ್ಲ.

ಈ ಕಾಯುವಿಕೆಯನ್ನು ಕನ್ನಡಿಗರಿಗೆ ಕಲಿಸಿದವರು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009). ಅವರ ಕಪ್ಪು-ಬಿಳುಪು ಚಿತ್ರಗಳ ನಾಯಕರು ಸಾಮಾನ್ಯ ಜನರೇ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಆ ಮಕ್ಕಳು ಯಾರೂ ಕರುಣೆ ಬೇಡುವುದಿಲ್ಲ. ನನಗೆ ಅದೇ ದೊಡ್ಡದು.

ಇನ್ನು ಸಿಂಗರಿಸಿ ನಿಲ್ಲಿಸಿ ತೆಗೆಯುವ, ಮದುವೆಗೆ ಮುಂಚಿನ ಫೋಟೊ ಶೂಟ್‌ಗಳು ಅವರವರ ಖುಷಿ. ನನಗಂತೂ ಜಯನಗರ ನಾಲ್ಕನೇ ಬ್ಲಾಕಿನ ಹೂವಿನ ಬುಟ್ಟಿಗಳ ನಡುವೆ ಸೊಸೆಯ ಜಡೆಗೆ ಮಲ್ಲಿಗೆ ಮುಡಿಸುವ ಅತ್ತೆ ಸಾಕು. ಬಿಟಿಎಂ ಬಸ್ ನಿಲ್ದಾಣದಲ್ಲಿ ಒಂದೇ ಇಯರ್‌ಫೋನ್ ಹಂಚಿಕೊಂಡು ಬಸ್ಸನ್ನೇ ಮರೆತ ಗೆಳತಿಯರು ಸಾಕು. ಪುಣ್ಯವಂತ ಛಾಯಾಗ್ರಾಹಕರು ಮುಂದಿನ ವಾರ ಆ ಅತ್ತೆ-ಸೊಸೆಯ ಚಿತ್ರದ ಪ್ರಿಂಟ್ ಹಿಡಿದು ಅದೇ ಹೂವಿನಂಗಡಿಗೆ ಬರುತ್ತಾರೆ.