ಗೊಟಗೋಡಿಯ ಸಿಮೆಂಟಿನ ಹಳ್ಳಿ, ಬಂಕಾಪುರದ ಕಲ್ಲು

ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ ಪಕ್ಕದಲ್ಲೇ ಇರುವ ಉತ್ಸವ ರಾಕ್ ಗಾರ್ಡನ್ನಿಗೆ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ದಿವಂಗತ ಟಿ.ಬಿ. ಸೊಲಬಕ್ಕನವರ ಕಟ್ಟಿದ ಸಿಮೆಂಟಿನ ಹಳ್ಳಿ ಅದು. ಮುಖದ ಸುಕ್ಕು, ರುಮಾಲಿನ ಸುತ್ತು, ಎತ್ತಿನ ಡುಬ್ಬ, ಎಲ್ಲಾ ಎಷ್ಟು ಖರೇ ಅಂದರೆ ಅಜ್ಜಂದಿರು ಮೊಮ್ಮಕ್ಕಳಿಗೆ "ಇದನ್ನ ಹಿಂಗ ಹಿಡೀತಿದ್ವಿ ನೋಡು" ಅಂತ ತೋರಿಸಲಿಕ್ಕೆ ಶುರು ಮಾಡುತ್ತಾರೆ. ಫಲಕ ಓದಿಸಿ ಮಕ್ಕಳನ್ನು ದಣಿಸುವ ನಮ್ಮ ಎಷ್ಟೋ ಮ್ಯೂಸಿಯಮ್ಮುಗಳಿಗೆ ಇದು ಸಾಧ್ಯವಾಗಿಲ್ಲ.

ನನ್ನ ತಕರಾರು ಬೇರೆ. ಈ ಹಳ್ಳಿಯ ನೆನಪು ಅಜ್ಜ-ಅಜ್ಜಿಯ ಕಾಲಕ್ಕೆ ನಿಂತುಬಿಡುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಹಣಮಪ್ಪನ ಗುಡಿ ಮುಂದೋ ಕೆರೆ ಏರಿ ಮೇಲೋ ಒಂದು ವೀರಗಲ್ಲು, ಒಂದು ದಾನಶಾಸನ ನಿಂತಿರುವುದು ಅಪರೂಪವೇನಲ್ಲ. ಮೇಲೆ ಸೂರ್ಯ-ಚಂದ್ರ, ಆಕಳು-ಕರು, ಕೆಳಗೆ ಅಕ್ಷರ. ಹಳ್ಳಿಯ ಬದುಕು ಅಂದಮೇಲೆ ಆ ಕಲ್ಲೂ ಅದರ ಪಾಲೇ.

ಇದೇ ತಾಲೂಕಿನ ಬಂಕಾಪುರಕ್ಕೆ ಹೋಗಿ ನೋಡಿ. ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರಿನ ಊರು. ಅವನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಕದಂಬ ಹರಿಕೇಸರಿಯ 1055ರ ಬಸದಿ ದತ್ತಿಯ ಶಾಸನವನ್ನು ಫ್ಲೀಟ್ ಇಲ್ಲಿಂದಲೇ ಪ್ರಕಟಿಸಿದ. ಕೋಟೆಯೊಳಗೆ, ನೆಲಮಟ್ಟಕ್ಕಿಂತ ಕೆಳಗಿರುವ ನಗರೇಶ್ವರ, ಅಂದರೆ ಜನರ ಬಾಯಲ್ಲಿನ ಅರವತ್ತು ಕಂಬದ ಗುಡಿ, ಈಗಲೂ ಇದೆ. ಆದರೆ ಮಕ್ಕಳು ಅಲ್ಲಿ ಮಾಡಬೇಕಾದ್ದೇನು? ನವಿಲು ಕಂಡರೆ ಖುಷಿ, ಇಲ್ಲದಿದ್ದರೆ ಕಂಬಗಳ ನಡುವೆ ಫೋಟೋ. ಶಾಸನದ ಮೇಲೆ ಕೈಯಾಡಿಸಲು ಬಿಡಬಾರದು, ನಿಜ. ಅರಿಸಿನ, ಎಣ್ಣೆ, ಸುಣ್ಣ, ಓದಲೆಂದೇ ತಿಕ್ಕಿದ ಸೀಮೆಸುಣ್ಣ, ಇವುಗಳಿಂದ ಕೆಟ್ಟ ಸಾಲುಗಳು ನಮಗೆಲ್ಲ ಗೊತ್ತು.

ಮುಟ್ಟಲು ಬಿಡುವ ಜಾಗದಲ್ಲಿ ಕಲ್ಲಿಲ್ಲ, ಕಲ್ಲಿರುವಲ್ಲಿ ಮುಟ್ಟುವಂತಿಲ್ಲ. ಇದನ್ನು ಜೋಡಿಸುವ ಕಸುಬು ಗೊಟಗೋಡಿಯಲ್ಲೇ ಇದೆ. ಮನುಷ್ಯನ ಚರ್ಮವನ್ನು ಸಿಮೆಂಟಿನಲ್ಲಿ ತರಬಲ್ಲ ಕೈಗೆ ಹಳಗನ್ನಡದ ಹದಿನೈದು ಸಾಲು ಕಷ್ಟವೇ? ಒಂದು ಪ್ರತಿಕೃತಿ ನಿಲ್ಲಿಸಿ. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ ಏಳುತ್ತವೆ. ಪಡಿಯಚ್ಚು ತೆಗೆಯುವ ಈ ಕೆಲಸ ಹತ್ತು ವರ್ಷದ ಮಗುವಿಗೂ ಬರುತ್ತದೆ, ಮೈ-ಕೈ ಮಸಿಯಾದರೆ ಇನ್ನೂ ಚಲೋ. ಹಾಳೆ ಮನೆಗೆ ಒಯ್ಯಬಹುದು.

ಒಂದೇ ಷರತ್ತು: ಪಾಠ ಸರಿಯಿರಬೇಕು. 'ಹಳೇದರ ಹಾಂಗ' ಕಾಣುವ ಗೀಚು ಅಕ್ಷರ ಬೇಡ. ನಿಜವಾದ ಶಾಸನದ್ದೇ ಸಾಲು, ಅದೇ ಕಾಲದ ಲಿಪಿ, ಪಕ್ಕದಲ್ಲಿ ಇವತ್ತಿನ ಕನ್ನಡದಲ್ಲಿ ಅರ್ಥ, ಮೂಲ ಕಲ್ಲು ಎಲ್ಲಿದೆ ಎಂಬ ದಾರಿ. ಜಾನಪದ ವಿಶ್ವವಿದ್ಯಾಲಯ ಅದೇ ಊರಲ್ಲಿದೆ, ಓದಿ ತಿದ್ದುವವರನ್ನು ಕರೆಸುವುದು ದೊಡ್ಡ ಮಾತಲ್ಲ. ಆ ಹಾಳೆ ಹಿಡಿದುಕೊಂಡು ಒಂದು ಮಗು ಸಂಜೆಯೊಳಗೆ "ಖರೇ ಕಲ್ಲು ಎಲ್ಲೈತಿ?" ಅಂತ ಕೇಳಿದರೆ, ಬಂಕಾಪುರಕ್ಕೆ ಗಾಡಿ ತಿರುಗಿಸಲು ಹೊತ್ತಿರುತ್ತದೆ.