ಅಮೃತಮತಿ: ಒಂದು ಮರುವಿಚಾರ

ಜನ್ನ ಮಹಾಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ರಾಣಿ ಅಮೃತಮತಿಯನ್ನು ವಿಮರ್ಶಕರು ಬಹುಕಾಲದಿಂದ ಕಾಮದ ಕುರುಡಿಗೆ ನಿದರ್ಶನವೆಂದೇ ಓದುತ್ತ ಬಂದಿದ್ದಾರೆ. ಮಾವುತನ ಹಾಡಿಗೆ ಆಕೆ ಮನಸೋತಳು. ಅವನ ವಿಕಾರರೂಪವನ್ನು ದೂತಿ ಬಣ್ಣಿಸಿದರೂ ಹಿಂಜರಿಯಲಿಲ್ಲ. ಈ ಓದು ತಪ್ಪಲ್ಲ. ಆದರೆ ಮಾವುತನು ಆಕೆಯನ್ನು ಹೊಡೆದುದು ಏತಕ್ಕೆಂಬುದನ್ನು ಅದು ಲಘುವಾಗಿ ದಾಟಿಬಿಡುತ್ತದೆ. ಹೊಡೆದುದು ತಡವಾಗಿ ಬಂದುದಕ್ಕೆ.

ಆ ಏಟಿನಲ್ಲಿ ಬರಿಯ ಕೋಪವಿಲ್ಲ. ಇನ್ನೊಬ್ಬರ ಹೊತ್ತಿಗೆ ಲೆಕ್ಕ ಕೇಳುವ ಅಧಿಕಾರವಿದೆ. ಕುಲ, ಧನ, ಪದವಿ ಯಾವುದೂ ಅಷ್ಟಾವಂಕನ ಪಾಲಿಗಿಲ್ಲ. ಆದರೂ ಕಾಲ ಮೇಲೆ ಹೊರಳುವವಳು ರಾಣಿ. ಅರಸನು ತೊಡೆಯ ಮೇಲೆ ಕುಳ್ಳಿರಿಸಿಕೊಂಡುದರಿಂದ ತಡವಾಯಿತೆಂದು ಸಮಜಾಯಿಷಿ ಹೇಳುತ್ತಾಳೆ; ನೀನಿಲ್ಲದೆ ಬದುಕೆನೆಂದು ಮೊರೆಯಿಡುತ್ತಾಳೆ. ಇದನ್ನು ಮೋಹದ ಪರಾಕಾಷ್ಠೆಯೆಂದು ಹೇಳುವುದು ರೂಢಿ. ಹೊಡೆತ ತಿಂದವರು ಮುಂದಿನ ಹೊಡೆತವನ್ನು ತಪ್ಪಿಸಿಕೊಳ್ಳಲು ಆಡುವ ಮಾತೂ ಹೀಗೆಯೇ ಇರುತ್ತದೆಂಬುದನ್ನು ಮರೆಯಲಾಗದು. ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರ ತಮ್ಮ ಗ್ರಂಥದಲ್ಲಿ ಇಂಥ ನಿಯಂತ್ರಣವನ್ನು ಸ್ವಾತಂತ್ರ್ಯದ ಅಪಹರಣವೆಂದು ಕರೆದರು. ಹೋಗುವುದು, ಬರುವುದು, ಯಾರೊಡನೆ ಎಷ್ಟು ಹೊತ್ತು ಎಂಬುದೆಲ್ಲವೂ ಇನ್ನೊಬ್ಬನ ಅಪ್ಪಣೆಗೆ ಒಳಪಡುವುದೇ ಅದರ ಲಕ್ಷಣ. ಹೊಡೆತ ಅದರ ಒಂದು ಸಾಧನ ಮಾತ್ರ. ಭಾರತದ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯೂ ಮೈಮೇಲಿನ ಗಾಯಕ್ಕಷ್ಟೇ ನಿಲ್ಲದೆ ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಒಂದು ರಾತ್ರಿಯ ದೃಶ್ಯದಿಂದ ಅಮೃತಮತಿಯನ್ನು ಬರಿಯ ಬಲಿಪಶುವೆಂದು ತೀರ್ಮಾನಿಸುವುದು ದುಡುಕಾದೀತು. ಆಕೆ ತಾನಾಗಿ ಹೋದವಳು. ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಆ ಪಾಪ ಯಾವ ಮರುಓದಿನಿಂದಲೂ ತೊಳೆದುಹೋಗದು. ಆದರೆ ತಾನಾಗಿ ಹೋದವಳೆಂಬ ಕಾರಣಕ್ಕೆ ಬಿದ್ದ ಪೆಟ್ಟು ನ್ಯಾಯವಾಗುವುದೆ?

ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದುದು. ಈ ವೃತ್ತಾಂತವನ್ನು ಮಾರಿದತ್ತನಿಗೆ ಹೇಳುತ್ತಿರುವವನು ಅಭಯರುಚಿ. ಎಂದರೆ ಹಿಂದಿನ ಭವದ ಯಶೋಧರ, ನೊಂದ ಗಂಡನೇ. ಅಮೃತಮತಿಯ ಮಾತೆಲ್ಲವೂ ಮರೆಯಲ್ಲಿ ನಿಂತು ಆಲಿಸಿದವನ ಬಾಯಿಂದಲೇ ಓದುಗನನ್ನು ಮುಟ್ಟುತ್ತದೆ.

ಆ ಗಂಡನ ಪ್ರತಿಕ್ರಿಯೆ ಏನು? ಎತ್ತಿದ ಕತ್ತಿಯನ್ನು ಅವನು ತಡೆದುಕೊಂಡ. ವಿಮರ್ಶೆ ಇದನ್ನು ಸಂಯಮವೆಂದು ಮೆಚ್ಚಿದೆ, ಮೆಚ್ಚತಕ್ಕದ್ದೇ. ಆದರೆ ಅವನ ಮನಸ್ಸಿನಲ್ಲಿ ಸುಳಿದುದು ಕೊಲ್ಲುವುದು, ಬಿಡುವುದು ಎಂಬ ಎರಡೇ ದಾರಿ. ಕಣ್ಣೆದುರು ಪೆಟ್ಟು ತಿನ್ನುತ್ತಿದ್ದವಳನ್ನು ಬಿಡಿಸಬೇಕೆಂಬ ಮೂರನೆಯದು ಹೊಳೆಯಲಿಲ್ಲ. ಮರುದಿನ ಸರಸದ ನೆಪದಲ್ಲಿ ಅವಳನ್ನು ನೆಯ್ದಿಲ ಹೂವಿನಿಂದ ಹೊಡೆದ. ಅವಳು ಮೂರ್ಛೆ ಹೋದಂತೆ ಬಿದ್ದಳು. ಆ ನಟನೆಯನ್ನು ಕಂಡು ಅವನು ಚುಚ್ಚುಮಾತನ್ನಾಡಿದ. ರಾತ್ರಿಯ ಬಾಸುಂಡೆಗಳ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.